ಸೇಲಂ ದಾರಿಯಾಗೆ ಆಯ್ದ ಹೂವು

…ಹೂವು ಸಿಗಲಿಲ್ಲ ಅಂತ ಹೋದ ಸಲ ಹೇಳಿದ್ನಲ್ಲ, ಅದು ಸುಳ್ಳು. ಕನ್ಯಾಕುಮಾರಿಯಾಗೆ ಹೂವು ಸಿಗಲ್ಲ ಅಂದ್ರೆ ಯಾರಾದ್ರೂ ನಂಬ್ತಾರಾ? ಹೆಜ್ಜೆಗೊಬ್ಳು ಬುಟ್ಟಿ ಇಟ್ಕಂಡು ಕುಂತಿರ್ತಾಳೆ ಅಲ್ಲಿ. ನೀನು ಸಣ್ಣಾಕಿ ಅಂತ ಏನೋ ಒಂದು ಹೇಳಿ ಬಾಯಿ ಮುಚ್ಚಿಸಿದ್ದೆ. ಇವತ್ತು ಮತ್ತೆ ಅದೇ ಫೋಟೋ ಹಿಡ್ಕಂಡು ಬಂದೀಯ, ಅಜ್ಜಿ, ಎಲ್ಲಾರ ತಲೆಯಾಗೂ ಮೊಳಗಟ್ಲೆ ಮಲ್ಲಿಗೆ ಐತೆ, ನಮ್ಮವ್ವ ಹೊಸ ಮದುವಣಗಿತ್ತಿ, ಅವಳ ತಲೆಯಾಗೆ ಮಾತ್ರ ಯಾಕ ಒಂದು ಎಸಳೂ ಇಲ್ಲ ಅಂತ. ಕೂಡ್ರು ಇಲ್ಲಿ. ನಿನ್ನ ತಮ್ಮನ್ನೂ ಕೂಡ್ರಿಸ್ಕ. ಆ ಮೊಬೈಲ್ ಅತ್ತಾಗಿಡು, ಅದರಾಗೆ ಯಾರೂ ನಿನ್ನ ಕಾಯ್ತಾ ಇಲ್ಲ. ಹೇಳ್ತೀನಿ. ಆದ್ರೆ ನಡುವೆ ನಗಬ್ಯಾಡ್ರಿ, ನಗೋ ಕಥಿ ಅಲ್ಲ ಇದು. ಮೊದಲು ನಗು ಬರ್ತೈತೆ, ನಂಗೊತ್ತು. ನಿಮ್ಮಜ್ಜಿ ಎಂಥಾ ಪೆದ್ದಿ ಅಂತ ಅನ್ನಿಸ್ತೈತೆ. ಪೆದ್ದತನ ಆದ್ರೆ ನಾ ಇಷ್ಟು ವರ್ಷ ಮುಚ್ಚಿಡ್ತಿರಲಿಲ್ಲ, ನಾನೇ ಹೇಳಿ ನಗಿಸ್ತಿದ್ದೆ.

ನಿಮ್ಮಪ್ಪನ ಮದುವಿ ಆಗಿ ಇನ್ನೂ ಎರಡು ತಿಂಗಳು. ಹೆಣ್ಣು ಕೊಟ್ಟೋರು ಹರಿಹರದೋರು, ಗೊತ್ತಲ್ಲ, ನಿಮ್ಮ ಹರಿಹರದಜ್ಜಿ. ಬೀಗರು ಬೀಗರು ಒಂದು ಸಲ ಕೂಡಿ ರಾಮೇಶ್ವರ, ಕನ್ಯಾಕುಮಾರಿ ನೋಡ್ಕಂಡು ಬರಾಣ ಅಂತ ಮಾತಾತು. ಒಂದು ಟಿಟಿ ಗಾಡಿ ಮಾಡಿದ್ವಿ. ನಮ್ಮ ಕೆ.ಬಿ. ಬಡಾವಣೆ ಮನಿ ಮುಂದೆ, ಇಲ್ಲೇ, ಈ ಕಟ್ಟೆ ಮುಂದೆನೇ ಬಂದು ನಿಂತಿತ್ತು ಬೆಳಿಗ್ಗೆ. ನಿಮ್ಮಜ್ಜ, ನಾನು, ನಿಮ್ಮಪ್ಪ, ನಿಮ್ಮವ್ವ, ಆಕಡಿಂದ ಹರಿಹರದಜ್ಜಿ, ಅವರ ಯಜಮಾನ್ರು, ಒಂದಿಬ್ರು ನೆಂಟ್ರು. ನಂಗೆ ಎದಿಯಾಗೆ ಡವಡವ. ಪ್ರಯಾಣಕ್ಕಲ್ಲ, ಬೀಗತಿ ಮುಂದೆ ಎಂಟು ದಿನ ಇರಬೇಕಲ್ಲ ಅಂತ. ಅವ್ರು ಎಲ್ಲಾದ್ರಾಗೂ ಒಂದು ಕೈ ಮ್ಯಾಲೆ. ಅವರ ಮನಿ ಪೂಜಿ, ಅವರ ಮನಿ ನಡವಳಿಕೆ, ಅವರ ಸೀರಿ ನೆರಿಗಿ ಸೈತ ನಮ್ಮದಕ್ಕಿಂತ ನೆಟ್ಟಗೆ. ನಾನೂ ಏನು ಕಮ್ಮಿ ಇರಲಿಲ್ಲ ಬಿಡು. ದಾವಣಗೆರಿಯೋಳು ನಾನು, ಹರಿಹರದೋರ ಮುಂದೆ ತಗ್ಗಬೇಕಾ ಅಂತ ನಂದು. ಎಲ್ಲಾ ನಂಗೇ ಗೊತ್ತು ಅನ್ನೋ ಹಂಗೆ ದಾರಿ ತುಂಬ ಮಾತಾಡ್ಕಂತ ಹೋದೆ. ಅದೇ ನೋಡು ಮೂಲ, ಅಲ್ಲಿಂದನೇ ಕೆಟ್ಟಿದ್ದು.

ಇನ್ನೊಬ್ಬಾಕಿ ಇದ್ಲು ಗಾಡಿಯಾಗೆ, ಹಿಂದಿನ ಸೀಟಿನಾಗೆ, ಸಿಲಿಂಡರ್ ಪಕ್ಕ. ಹಾಲಮ್ಮ ಅಂತ. ಭಾನುವಳ್ಳಿಯಾಕಿ. ಅಡಿಗಿಗೆ ಅಂತ ಕರ್ಕಂಡು ಹೋಗಿದ್ವಿ. ನಾವು ಹೊರಗಡೆ ತಿನ್ನೋರಲ್ಲ, ನಿಮ್ಮಜ್ಜ ಅಂತೂ ಸ್ನಾನ ಲಿಂಗಪೂಜಿ ಆಗೋ ತನಕ ಒಂದು ಹನಿ ನೀರೂ ಬಾಯಿಗೆ ಹಾಕಾರಲ್ಲ, ಹೋಟೆಲಿನ ಅನ್ನ ಎಲ್ಲಿಂದ ಬಂತು. ಹಾಲಮ್ಮ ಮೊದಲು ನಮ್ಮ ಬೀದಿಯಾಗೆ ಮನಿಮನಿಗೆ ರೊಟ್ಟಿ ಬಡಿಯಾಕೆ ಬರ್ತಿದ್ಲು. ಒಂದು ಸಲ ಯಾರ ಜೊತಿನೋ ಧರ್ಮಸ್ಥಳಕ್ಕೆ ಹೋದ್ಲು, ಆಮ್ಯಾಲೆ ಆಕಿ ಇಲ್ಲದ ಟೂರೇ ಇಲ್ಲ ಅನ್ನೋ ಹಂಗಾತು. ಟೂರಿನ ಹಾಲಮ್ಮ ಅಂತ್ಲೇ ಹೆಸರು. ಗಂಡ ಇರಲಿಲ್ಲ, ಮೊದಲು ತಮಿಳು ಸೀಮಿಯಾಗೆ ಇದ್ದಾಕಿ ಅಂತಿದ್ರು, ಆ ಮಾತೂ ಬರ್ತಿತ್ತು. ಒಂದು ಮಗಳು, ಊರಾಗೆ ಅಣ್ಣನ ಮನಿಯಾಗೆ ಬಿಟ್ಟಿದ್ಲು. ಏನು ಕೆಲಸ ಅಂತೀರಿ ಆಕಿದು. ಗಾಡಿ ನಿಂತ ಕೂಡ್ಲೇ ಮೊದಲು ಆಕಿ ಇಳಿಯಾಕಿ. ಗಾಳಿ ಯಾವ ಕಡಿಂದ ಬೀಸ್ತೈತೆ ನೋಡಾದು, ಗಾಡಿನ ಅಡ್ಡ ನಿಂದ್ರಿಸಾಕೆ ಡ್ರೈವರಿಗೆ ಹೇಳಾದು, ನೆಲದಾಗೆ ಇರುವಿ ಐತಾ ಅಂತ ಬಗ್ಗಿ ನೋಡಾದು, ಆಮ್ಯಾಲೆ ಒಲಿ ಇಡಾದು. ನೀರು ತಂದ್ರೆ ಒಂದು ಗುಟುಕು ಬಾಯಾಗೆ ಹಾಕ್ಕಂಡು ಮುಕ್ಕಳಿಸಿ, ಈ ನೀರಾಗೆ ಬೇಳಿ ಬೇಯಲ್ರಿ, ಇವತ್ತು ಚಿತ್ರಾನ್ನ ಮಾಡ್ತೀನಿ ಅನ್ನಾಕಿ. ಬೇಯ್ತಾನೂ ಇರಲಿಲ್ಲ. ಅಷ್ಟು ನಿಖರ.

ದಾರಿ ನೋಡಬೇಕು ನೀವು. ಚಿತ್ರದುರ್ಗದ ಗುಡ್ಡದ ಮ್ಯಾಲೆ ಫ್ಯಾನ್ ತಿರುಗ್ತಾವಲ್ಲ, ಅಲ್ಲಿ ತನಕ ನಮ್ಮ ಊರೇ ಅನ್ನಿಸ್ತೈತೆ. ಆಮ್ಯಾಲೆ ಶಿರಾ, ತುಮಕೂರು, ಆ ಬೆಂಗಳೂರಿನ ಟ್ರಾಫಿಕ್ಕಿನಾಗೆ ಅರ್ಧ ದಿನ ಹೋತು, ಹೊಸೂರು ದಾಟಿದ ಮ್ಯಾಲೆ ಬೋರ್ಡಿನ ಅಕ್ಷರನೇ ಬೇರೆ. ಕೃಷ್ಣಗಿರಿಯಾಗೆ, ಇಲ್ಲ, ಕೃಷ್ಣಗಿರಿಗಿಂತ ಮೊದ್ಲೇ ಒಂದು ಛತ್ರದಾಗೆ ರಾತ್ರಿ ಮಲಗಿದ್ವಿ, ಬೆಳಿಗ್ಗೆ ಕೃಷ್ಣಗಿರಿ. ರಸ್ತೆ ಬದಿಗೆ ಸಾಲಾಗಿ ಮಾವಿನ ಹಣ್ಣು ಗುಡ್ಡಿ ಹಾಕಿದ್ರು. ಹೆಣ್ಮಕ್ಕಳು ಮುಖಕ್ಕೆ ಅರಿಶಿನ ಬಳ್ಕಂಡು ಮೊಪೆಡ್ ಮ್ಯಾಲೆ ಬಾಳಿಎಲಿ ಕಟ್ಟು ಹಾಕ್ಕಂಡು ಭರ್ರ್ ಅಂತ ಹೋಗಾರು, ನಮ್ಮ ಹರಿಹರದಜ್ಜಿ ಬಾಯಿ ಬಿಟ್ಕಂಡು ನೋಡಾರು. ಇಸ್ಕೂಲಿನ ಹುಡುಗೀರು ಎರಡು ಜಡಿ ಮಡಚಿ ಕಟ್ಟಿ, ಜಡಿ ತುಂಬ ಕನಕಾಂಬರ, ಸೈಕಲ್ ತುಳ್ಕಂತ. ತೊಪ್ಪೂರು ಘಾಟಿನಾಗೆ ಲಾರಿ ಬ್ರೇಕ್ ಸುಟ್ಟ ವಾಸನಿ, ಮಂಗ್ಯಾಗಳು. ಒಬ್ಬ ಮುದುಕ ಸೈಕಲ್ಲಿಗೆ ಪ್ಲಾಸ್ಟಿಕ್ ಕೊಡ ಸುತ್ತ ಕಟ್ಕಂಡು ಹೋಗ್ತಿದ್ದ, ಮುದುಕ ಕಾಣ್ತಾನೇ ಇರಲಿಲ್ಲ, ಬರೇ ಕೊಡ ಹೋದಂಗೆ ಕಾಣ್ತಿತ್ತು. ಒಂದು ಕಡಿ ಬೋರ್ಡಿನಾಗೆ ಕರೂರ್ ಅಂತ ಬರೆದಿತ್ತು. ನಿಮ್ಮಜ್ಜ ಅವಾಗ ನಮ್ಮ ಕರೂರು ಕೈಗಾರಿಕಾ ಪ್ರದೇಶದಾಗೆ ಅಕ್ಕಿ ಮಿಲ್ಲಿಗೆ ಜರಡಿ ಮಾಡಾ ಸಣ್ಣ ಶೆಡ್ಡು ನಡೆಸ್ತಿದ್ರಲ್ಲ, ಆ ಬೋರ್ಡ್ ನೋಡಿ, ಶೆಡ್ಡು ಬಂತು, ನಾ ಇಳೀತೀನಿ ಅಂದ್ರು. ಜೀವಮಾನದಾಗೆ ಆಯಪ್ಪ ಮಾಡಿದ ಜೋಕು ಅದೊಂದೇ ಇರಬೇಕು. ಎಲ್ಲಾರೂ ನಕ್ಕಿದ್ದೇ ನಕ್ಕಿದ್ದು. ಚಲೋ ಇತ್ತು, ಅಲ್ಲಿ ತನಕ ಬಾಳ ಚಲೋ ಇತ್ತು.

ಸೇಲಂ ದಾಟಿ ಒಂದು ಹುಣಸಿಮರದ ಕೆಳಗೆ ಊಟ ಆತು. ಊಟ ಆಗಿ ಗಾಡಿ ಹತ್ತಿದ ಮ್ಯಾಲೆ ಎಲ್ಲಾರಿಗೂ ತೂಕಡಿಕಿ. ನಾನೊಬ್ಳೇ ಕಣ್ಣು ಬಿಟ್ಕಂಡು ಮುಂದೆ ಕುಂತಿದ್ದೆ. ಒಂದು ಊರಿನ ಹತ್ರ ದೊಡ್ಡ ರಸ್ತಿ ಬಿಟ್ಟು ಸಣ್ಣ ರಸ್ತಿಗೆ ಇಳಿದಿದ್ವಿ, ಡೀಸೆಲ್ ಹಾಕ್ಸಾಕೆ. ನೋಡ್ತೀನಿ, ರಸ್ತಿ ತುಂಬ ಹೂವು. ಸುಮ್ನೆ ಹೂವಲ್ಲ, ಗುಲಾಬಿ, ಸೇವಂತಿಗಿ, ಸುಗಂಧರಾಜದ ಹಾರ ಬಿಚ್ಚಿ ಬಿಚ್ಚಿ ಚೆಲ್ಲಿದಂಗೆ, ಕಣ್ಣು ಹೋಗೋ ತನಕ. ದೂರದಾಗೆ ತಮಟಿ ಸದ್ದು, ಪಟಾಕಿ ಸದ್ದು, ತಿರುವಿನಾಗೆ ಹುಡುಗ್ರು ಕುಣಿಯಾದು ಕಂಡಿತು, ಅವರ ಮುಂದೆ ಹೂವಿನಾಗೆ ಮುಚ್ಚಿಹೋದ ತೇರಿನಂಥದ್ದು ಒಂದು, ಅಷ್ಟರಾಗೆ ತಿರುಗೇ ಬಿಟ್ತು. ನಾ ಅಂದ್ಕಂಡೆ, ದೇವರ ಉತ್ಸವ ಹೋಗೈತೆ. ನಮ್ಮ ಕಡಿ ದೇವರ ಪಲ್ಲಕ್ಕಿಯಿಂದ ಹೂವು ಬಿದ್ರೆ ನಾವು ಬಿಡ್ತೀವಾ, ಆಯ್ದು ಕಣ್ಣಿಗೊತ್ಕಂಡು ಮುಡಿತೀವಿ, ಪ್ರಸಾದ ಅಂತೀವಿ. ಹಂಗೇ ಅನ್ಕಂಡೆ. ನೀವು ಕೇಳಬಹುದು, ಹೆಣ ಇರಬಹುದು ಅಂತ ಹೊಳಿಲಿಲ್ವಾ ಅಂತ. ಹೆಂಗೆ ಹೊಳಿತೈತೆ? ನಮ್ಮ ಕಡಿ ಹೆಣ ಹೋದ ದಾರಿಯಾಗೆ ಮಂಡಕ್ಕಿ ಚೆಲ್ಲಿರ್ತಾರೆ. ದಾವಣಗೆರಿಯಾಗೆ ಹುಟ್ಟಿ ಬೆಳೆದೋಳಿಗೆ ರಸ್ತಿ ಮ್ಯಾಲೆ ಮಂಡಕ್ಕಿ ಕಂಡ್ರೆ ಕಾಲು ತಾನೇ ಬದಿಗೆ ಸರಿತೈತೆ. ಅಲ್ಲಿ ಒಂದು ಕಾಳು ಮಂಡಕ್ಕಿ ಇರಲಿಲ್ಲ. ನಮ್ಮೋರು ಸತ್ರೆ ವಿಮಾನದಾಗೆ, ಅದೇ ಬಿದಿರಿನ ಚಟ್ಟದಾಗೆ, ಕೂಡ್ರಿಸಿ ಭಜನಿ ಮಾಡ್ಕಂತ ಒಯ್ತೀವಿ, ಅಲ್ಲಿನೋರು ಕುಣೀತಾರೆ, ಪಟಾಕಿ ಹಾರಿಸ್ತಾರೆ. ಸಾವಿಗೆ ಯಾರಾದ್ರೂ ಹಂಗೆ ಕುಣೀತಾರಾ ಅಂತ ನಾ ಕನಸಿನಾಗೂ ನೆನೆಸಿರಲಿಲ್ಲ.

ಡ್ರೈವರಿಗೆ ನಿಲ್ಸು ನಿಲ್ಸು ಅಂದೆ. ಅವನು ಬಂಕು ಎಲ್ಲೈತೆ ಕೇಳ್ಕಂಡು ಬರ್ತೀನಿ ಅಂತ ಇಳಿದು ಹೋದ. ನಾ ಇಳಿದು ಸೆರಗು ಒಡ್ಡಿ ಆಯಾಕೆ ಹತ್ತಿದೆ. ತುಳಿದಿರೋದು ಬಿಟ್ಟು, ಚೊಕ್ಕ ಇರೋದು, ದಾರದ ಸಮೇತ ಒಂದೆರಡು ಮೊಳ ಇದ್ದ ಮಲ್ಲಿಗಿನೂ ಸಿಕ್ತು. ಮನಸಿನಾಗೆ ಏನು ಲೆಕ್ಕ ಗೊತ್ತಾ? ಬೀಗತಿ ಎದ್ದ ಮ್ಯಾಲೆ, ನೋಡ್ರಿ, ರಾಮೇಶ್ವರ ಮುಟ್ಟೋದ್ರೊಳಗೇ ದೇವ್ರು ದಾರಿಗೆ ಬಂದು ಹೂವು ಕೊಟ್ಟ ಅಂತ ಹೇಳಬೇಕು. ಹಿಂದಿಂದ ಹಾಲಮ್ಮ ಇಳಿದು ಬಂದ್ಲು. ಓಡಿ ಬಂದ್ಲು ಅಂದ್ರೂ ಸೈ. ಬಂದು ನನ್ನ ಮುಂದೆ ಕೈ ಅಡ್ಡ ಹಿಡಿದು, ಮೆಲ್ಲಕೆ, ಗಾಡಿಯಾಗಿನೋರಿಗೆ ಕೇಳಬಾರದು ಅನ್ನೋ ಹಂಗೆ ಅಂದ್ಲು, ‘ಅಮ್ಮಾರೆ, ಆ ಹೂವು ಮುಡಿಬ್ಯಾಡ್ರಿ. ಅದು ಮುಡಿಯಾದಲ್ರಿ.’ ಅಷ್ಟೇ. ಇನ್ನೂ ಏನೋ ಹೇಳಾಕೆ ಬಾಯಿ ತೆಗೆದಿದ್ಲು. ನಾ ಬಿಟ್ರೆ ತಾನೇ? ಅಡಿಗಿಯಾಕಿ ನನಗೆ ದೇವರ ಹೂವಿನ ಬುದ್ಧಿ ಹೇಳ್ತಾಳೆ ಅನ್ನೋ ಸಿಟ್ಟು ನೆತ್ತಿಗೇರಿತು. ನಾ ಏನಂದೆ ಗೊತ್ತಾ. ತಡೀರಿ, ಹೇಳ್ತೀನಿ. ‘ಹೂವಿನ ಸುದ್ದಿ ನಿನಗ್ಯಾಕ? ಮುಡಿಯೋರು ನಾವಿದೀವಿ, ನೀ ಒಲಿ ನೋಡ್ಕ ಹೋಗು’ ಅಂದೆ. ಗಂಡನ್ನ ಕಳ್ಕಂಡಾಕಿಗೆ. ಹಂಗೇ ಅಂದೆ, ಬಿಸಿಲಾಗೆ ನಿಂದ್ರಿಸಿ. ಆಕಿ ಕೈ ಕೆಳಗಿಳಿಸಿದ್ಲು, ನನ್ನ ಮುಖ ನೋಡಲಿಲ್ಲ, ತಿರುಗಿ ಹೋಗಿ ತನ್ನ ಸೀಟಿನಾಗೆ ಕುಂತ್ಲು. ನಾ ಗಾಡಿ ಹತ್ತಿದಾಗ ನಿಮ್ಮಜ್ಜ ಅರ್ಧ ಕಣ್ಣು ತೆಗೆದು, ಆಕಿ ಏನೋ ಹೇಳ್ತಿದ್ಲಲ್ಲ ಅಂದ್ರು. ನೀರು ಕೇಳಿದ್ಲು ಅಂದೆ.

ನಿಮ್ಮವ್ವ ನಿದ್ದಿಗಣ್ಣಿನಾಗೆ ಇದ್ಲು. ಪ್ರಸಾದ ಕಣವ್ವ ಅಂತ ಹೇಳಿ ನಾನೇ, ನನ್ನ ಈ ಕೈಯಿಂದನೇ, ಆ ಮಲ್ಲಿಗಿ ಅವಳ ಜಡಿಗೆ ಮುಡಿಸಿದೆ, ಒಂದು ಗುಲಾಬಿ ಸಿಗಿಸಿದೆ. ಹರಿಹರದಜ್ಜಿಗೂ ಕೊಟ್ಟೆ, ನಾನೂ ಮುಡಿದೆ. ಹರಿಹರದಜ್ಜಿ ಕಣ್ಣಿಗೊತ್ಕಂಡು, ಎಂಥಾ ಯೋಗ ನೋಡ್ರಿ ಬೀಗತೇರೆ ಅಂದ್ರು. ಆ ಒಂದು ಮಾತಿಗೆ ನಾ ಒಂದು ಗೇಣು ಉಬ್ಬಿದೆ. ಹಿಂದೆ ಹಾಲಮ್ಮ ಕಿಟಕಿ ಕಡಿ ಮುಖ ಮಾಡಿ ಕುಂತಿದ್ಲು.

ಒಂದು ಅರ್ಧ ತಾಸು ಹೋಗಿರಬಹುದು, ನಾಮಕ್ಕಲ್ ಕಡಿ, ಮೊಟ್ಟಿ ಟ್ರೇ ತುಂಬಿದ ಲಾರಿ ಒಂದರ ಹಿಂದೆ ಒಂದು ಬರ್ತಿದ್ವು. ಎಳನೀರು ಕುಡಿಯಾಣ ಅಂತ ನಿಂತ್ವಿ. ಒಬ್ಬ ಮುದುಕಿ ಮಾರ್ತಿದ್ಲು, ಕಿವಿ ಹಾಲಿ ಭುಜಕ್ಕೆ ಮುಟ್ಟಾವು, ಅಷ್ಟು ಉದ್ದ. ಮಚ್ಚು ಎತ್ತಿ ಎಳನೀರು ಕೆತ್ತಾಕಿ ನಿಮ್ಮವ್ವನ ತಲಿ ನೋಡಿ ಹಂಗೇ ನಿಲ್ಸಿದ್ಲು. ನಿಮ್ಮವ್ವನ ಕೈಯಾಗೆ ಇನ್ನೊಂದು ಹಿಡಿ ಬಿಡಿ ಹೂವು ಬ್ಯಾರೆ ಇತ್ತು. ಮುದುಕಿ ಏನೋ ಕೇಳಿದ್ಲು. ನಾ ಕೈ ತೋರ್ಸಿದೆ, ಹಿಂದೆ ದಾರಿಯಾಗೆ, ದೇವ್ರು, ಉತ್ಸವ ಅಂತ. ಆಯಮ್ಮ ಎದಿ ಎದಿ ಬಡ್ಕಂಡು ‘ಸಾವು, ಸಾವು’ ಅಂದ್ಲು. ಬ್ಯಾರೆ ಮಾತು ಯಾವುದೂ ತಿಳಿಲಿಲ್ಲ ನಮಗೆ, ಇದೊಂದು ತಿಳೀತು. ಸಾವು ಅಂದ್ರೆ ಅವರಿಗೂ ಸಾವೇ, ನಮಗೂ ಸಾವೇ. ಮಚ್ಚು ಕೆಳಗಿಟ್ಟು ತಾನೇ ಬಂದು ನಿಮ್ಮವ್ವನ ಜಡಿಯಿಂದ ಹೂವು ಕಿತ್ತು ಮೋರಿಗೆ ಎಸೆದ್ಲು. ಪಾಪ, ಗುರುತಿಲ್ಲ ಪರಿಚಯ ಇಲ್ಲ, ಬೇರೆಯೋರ ಮಗಳು ಅಂತ ಸುಮ್ನಿರಲಿಲ್ಲ ಆಕಿ. ಹರಿಹರದಜ್ಜಿ ಮುಖ ಸುಣ್ಣ ಬಳದಂಗಾತು. ತಮ್ಮ ತಲಿದು ಕಿತ್ತು ಒಗೆದ್ರು. ಆಮ್ಯಾಲೆ ನನ್ನ ಕಡಿ ತಿರುಗಿದ್ರು. ಬೈಲಿಲ್ಲ. ‘ಬೀಗತೇರೆ, ಹೊಸ ಮದುವಣಗಿತ್ತಿ ತಲಿಗೆ ಹೆಣದ ಹೂವು ಮುಡಿಸಿದ್ರಲ್ರಿ’ ಅಂದ್ರು.

ಅವಾಗ ನಾ ಏನು ಹೇಳಬೇಕಿತ್ತು? ನೀನೇ ಹೇಳು ಪುಟ್ಟಿ. ತಪ್ಪಾತ್ರಿ, ಗೊತ್ತಾಗಲಿಲ್ಲ ಅನ್ನಬೇಕಿತ್ತು. ಗೊತ್ತಿಲ್ಲದೆ ಆಗಿದ್ದು, ಯಾರಾದ್ರೂ ನನ್ನ ಗಲ್ಲಿಗೆ ಹಾಕ್ತಿದ್ರಾ? ಎರಡು ದಿನ ಮುಖ ಗಂಟು ಹಾಕ್ಕಂತಿದ್ರು, ಆಮ್ಯಾಲೆ ಮರೀತಿದ್ರು. ಆದ್ರೆ ಬಾಯಿಗೆ ಅದು ಬರಲೇ ಇಲ್ಲ. ಎಲ್ಲಾರೂ ನನ್ನನ್ನೇ ನೋಡ್ತಿದ್ರು, ನಿಮ್ಮಪ್ಪನೂ ಸೈತ. ನನ್ನ ಕೈ ತಾನೇ ಹಾಲಮ್ಮನ ಕಡಿ ಹೋತು. ‘ಆಕಿಗೆ ಗೊತ್ತಿತ್ತು ಕೇಳ್ರಿ. ಆಕಿ ಈ ಕಡಿ ಇದ್ದಾಕಿ, ಇವರ ಮಾತು ಬರ್ತೈತೆ ಆಕಿಗೆ. ಎಲ್ಲಾ ಗೊತ್ತಿದ್ದೂ ಬಾಯಿ ಮುಚ್ಕಂಡು ಕುಂತ್ಲು. ತನಗಿಲ್ಲದ ಹೂವು ಇನ್ನೊಬ್ರಿಗ್ಯಾಕ ಅಂತ ಹೊಟ್ಟಿಕಿಚ್ಚು’ ಅಂದೆ. ಅಷ್ಟೂ ಒಂದೇ ಉಸಿರಿನಾಗೆ ಅಂದೆ.

ಹಾಲಮ್ಮ ಎಳನೀರು ಹಿಡ್ಕಂಡು ನಿಂತಿದ್ಲು, ಇನ್ನೂ ಕುಡಿದಿರಲಿಲ್ಲ. ಆಕಿ ಮನಸ್ಸು ಮಾಡಿದ್ರೆ ನನ್ನ ಮಾನ ಅಲ್ಲೇ ಹರಾಜಾಗ್ತಿತ್ತು. ನಾ ಅಂದ ಮಾತು ಹಂಗಂಗೇ ಹೇಳಿದ್ರೆ ಸಾಕಿತ್ತು. ನನ್ನ ನೋಡಿದ್ಲು ಒಂದು ಸಲ. ನಿಮ್ಮವ್ವನ್ನ ನೋಡಿದ್ಲು, ಅವಳು ಬರೇ ಜಡಿ ಹಿಡ್ಕಂಡು ನಿಂತಿದ್ಲು. ಅತ್ತಿ ಸೊಸಿ ನಡುವೆ, ಬೀಗರ ನಡುವೆ ಮದುವಿ ಆದ ಎರಡೇ ತಿಂಗಳಿಗೆ ಏನಾಗ್ತೈತೆ ಅಂತ ಆಕಿ ಲೆಕ್ಕ ಹಾಕಿದ್ಲೋ ಏನೋ, ನಂಗೊತ್ತಿಲ್ಲ. ‘ಗಟ್ಟಿಯಾಗಿ ಹೇಳಬೇಕಿತ್ರಿ ನಾನು. ನಂದೂ ತಪ್ಪೈತೆ’ ಅಂದ್ಲು. ಎಲ್ಲಾರೂ ಅಂದ್ಕಂಡ್ರು, ಒಪ್ಕಂಡ್ಲು ಅಂತ.

ಅಲ್ಲೇ ಒಂದು ತೋಟದ ಪಂಪ್‌ಸೆಟ್ಟಿನ ಕೆಳಗೆ ಹರಿಹರದಜ್ಜಿ ನಿಮ್ಮವ್ವನ್ನ ಉಟ್ಟ ಸೀರಿಯಾಗೇ ಕೂಡ್ರಿಸಿ ತಲಿಗೆ ನೀರು ಹಾಕಿದ್ರು, ಹಣಿ ತುಂಬ ವಿಭೂತಿ ಬಳದ್ರು. ಅವಳು ಚಳಿಗೆ ಅತ್ಲೋ ಹೆದರಿ ಅತ್ಲೋ. ಆಮ್ಯಾಲೆ ಟೂರ್ ಮುಗಿಯೋ ತನಕ ಮಗಳ ತಲಿಗೆ ಒಂದು ಎಸಳು ಹೂವು ಮುಡಿಸಗೊಡಲಿಲ್ಲ. ಬ್ಯಾರೆಯೋರು ಮುಡಿದ್ರು, ನಿಮ್ಮವ್ವ ಬರೇ ತಲಿ. ಅದೇ ಫೋಟೋ ನಿನ್ನ ಕೈಯಾಗಿರೋದು. ಹಾಲಮ್ಮ ಆರು ದಿನ ಅಡಿಗಿ ಮಾಡಿದ್ಲು, ಹರಿಹರದಜ್ಜಿ ಆಕಿ ಕೈದು ಒಂದು ತುತ್ತು ಮುಟ್ಟಲಿಲ್ಲ, ಬಾಳಿಹಣ್ಣು ತಿಂದು ದಿನ ನೂಕಿದ್ರು. ನಾ ಮುಟ್ಟಿದೆ. ಎರಡೆರಡು ಸಲ ಹಾಕಿಸ್ಕಂಡು ತಿಂದೆ, ಆಕಿಗೆ ಸಮಾಧಾನ ಆಗಲಿ ಅಂತ. ನಾಚಿಕಿಲ್ಲದೋಳು. ನಾ ತಿಂದ್ರೆ ಆಕಿಗೇನು ಬಂತು?

ಊರಿಗೆ ಬಂದ ಮ್ಯಾಲೆ ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ. ಹರಿಹರದಜ್ಜಿ ಅವರ ಬೀದಿಯಾಗೆ ಹೇಳಿದ್ರು, ನಮ್ಮ ಬೀದಿಯಾಗೆ ಬಂದು ಕೇಳಿದೋರಿಗೆಲ್ಲಾ ನಾನೂ ಅದನ್ನೇ ಹೇಳಿದೆ, ಒಂದು ಸಲ ಹೇಳಿದ್ನಲ್ಲ, ಇನ್ನು ತಿರುಗಿಸಾದು ಹೆಂಗೆ ಅಂತ. ಹೇಳ್ತಾ ಹೇಳ್ತಾ ಅದಕ್ಕೆ ಕೈಕಾಲು ಬಂತು. ಹಾಲಮ್ಮನ ಕಣ್ಣು ಸರಿ ಇಲ್ಲ ಅಂದ್ರು, ಮಂಗಳಕಾರ್ಯಕ್ಕೆ ಕರೀಬ್ಯಾಡ್ರಿ ಅಂದ್ರು. ಮುಂದಿನ ಬೇಸಿಗಿಗೆ ಆಕಿನ ಒಂದು ಟೂರಿಗೂ ಕರೀಲಿಲ್ಲ. ರೊಟ್ಟಿ ಬಡಿಸ್ಕಳಾದೂ ಒಂದೊಂದೇ ಮನಿಯೋರು ಬಿಟ್ರು. ಒಂದಿನ ನಮ್ಮ ಬಾಗಿಲಿಗೂ ಬಂದ್ಲು, ಏನಾದ್ರೂ ಕೆಲಸ ಐತಾ ಅಂತ. ನಾ ಒಳಗಿದ್ದೆ. ಇಲ್ಲ ಅಂತ ಹೇಳ್ಸಿದೆ. ಆಮ್ಯಾಲೆ ಆಕಿ ದಾವಣಗೆರಿಗೆ ಬರಾದೇ ಬಿಟ್ಲು. ಅದೂ ಸಾಲದು ಅಂತ, ನಿಮ್ಮವ್ವಗೆ ಮೂರು ವರ್ಷ ಮಕ್ಕಳಾಗಲಿಲ್ಲ. ಹರಿಹರದಜ್ಜಿ ಬಂದಾಗೆಲ್ಲಾ ಆ ಹಾಲಮ್ಮನ ಹೂವು, ಆ ಹಾಲಮ್ಮನ ಹೂವು ಅಂತ ಕಣ್ಣು ಒರೆಸ್ಕಳಾರು. ನಾ ಪಕ್ಕದಾಗೆ ಕುಂತು ಹೂಂ ಅನ್ನಾಕಿ. ಡಾಕ್ಟ್ರು ಎಲ್ಲಾ ಸರಿ ಐತೆ, ನಿಧಾನ ಅಂತಿದ್ರು, ಆಮ್ಯಾಲೆ ನೀ ಹುಟ್ಟಿದಿ, ನೀನೇ ಕುಂತೀಯಲ್ಲ ಮುಂದೆ ಗುಂಡುಕಲ್ಲಿನಂಗೆ. ನೀ ಹುಟ್ಟಿದ ದಿನ ಆದ್ರೂ ಹೇಳಬೇಕಿತ್ತು ನಾನು. ಹೇಳಲಿಲ್ಲ.

ನಿಮ್ಮಜ್ಜ ಹೋಗಿ ನಾಕು ವರ್ಷ ಆತು. ಅವ್ರು ಹೋದ ಮರುವರ್ಷ ಇಲ್ಲೇ ಹಿಂದಿನ ಬೀದಿಯಾಗೆ ಒಬ್ರ ಮನಿಯಾಗೆ ಸೀಮಂತ ಇತ್ತು. ಕರೆದಿದ್ರು, ಹೋಗಿದ್ದೆ. ಒಂದು ಹುಡುಗಿ ತಟ್ಟಿಯಾಗೆ ಹೂವು ಇಟ್ಕಂಡು ಸಾಲಾಗಿ ಎಲ್ಲಾರಿಗೂ ಕೊಡ್ತಾ ಬಂದ್ಲು. ನನ್ನ ಹತ್ರ ಬಂದು ತಟ್ಟಿ ಸ್ವಲ್ಪ ಮ್ಯಾಲೆತ್ತಿ ಪಕ್ಕದೋರಿಗೆ ಕೊಟ್ಲು. ಬೇಕಂತ ಅಲ್ಲ, ಒಳ್ಳೆ ಹುಡುಗಿ ಅದು, ಒಂದು ಮಾತೂ ಆಡಲಿಲ್ಲ. ಮಾತಾಡದೇನೇ ದಾಟಿ ಹೋದ್ಲು, ಅಷ್ಟಕ್ಕೇ ನಂಗೆ ಎದ್ದು ಹೋಗಿಬಿಡಾಣ ಅನ್ನಿಸ್ತು. ನಾ ಹಾಲಮ್ಮಗೆ ಬಾಯಿ ತುಂಬ ಅಂದಿದ್ದೆ. ಮನಿಗೆ ಬಂದು ಉಣ್ಣಲಿಲ್ಲ ಆ ದಿನ, ನಿಮ್ಮವ್ವ ಯಾಕ್ರಿ ಅತ್ತಿ ಅಂದ್ರೆ ಹೊಟ್ಟಿ ಸರಿ ಇಲ್ಲ ಅಂದೆ. ಇನ್ನೊಂದು ಸುಳ್ಳು. ಅಷ್ಟಾದ್ರೂ ಹೋಗಾಕೆ ಧೈರ್ಯ ಬರಾಕೆ ಮತ್ತೆ ಎರಡು ವರ್ಷ ಹಿಡೀತು.

ಹೋದ ದೀಪಾವಳಿ ಆದ ಮ್ಯಾಲೆ, ನೆನಪೈತಾ, ಕಣ್ಣು ತೋರ್ಸಾಕೆ ಹೋಗ್ತೀನಿ ಅಂತ ಒಬ್ಳೇ ಹೋಗಿದ್ನಲ್ಲ, ಕಣ್ಣಿಗಲ್ಲ ಹೋಗಿದ್ದು. ಹರಿಹರಕ್ಕೆ ಹೋಗಿ, ಅಲ್ಲಿಂದ ಭಾನುವಳ್ಳಿ ಬಸ್ಸು ಹಿಡಿದೆ. ಚಾನಲ್ ಕಾಲುವಿ ತುಂಬ ನೀರು, ಎರಡೂ ಕಡಿ ಭತ್ತ ಕೊಯ್ಲಿಗೆ ಬಂದಿತ್ತು. ಅಂಗಡಿಯಾಗೆ ಕೇಳಿದೆ, ಅಡಿಗಿ ಹಾಲಮ್ಮನ ಮನಿ ಎಲ್ಲಿ ಅಂತ. ಅಂಗಡಿಯಾವ, ಅಡಿಗಿ ಹಾಲಮ್ಮ ಯಾರೂ ಇಲ್ವಲ್ಲ, ಕೂಲಿ ಹಾಲಮ್ಮ ಐದಾಳೆ ನೋಡ್ರಿ ಅಂದ. ಆಕಿನೇ. ಕಳಿ ತೆಗೆದು, ನಾಟಿ ಮಾಡಿ, ಬೆನ್ನು ಬಗ್ಗಿ ಹೋಗಿತ್ತು. ನನ್ನ ನೋಡಿ ಬರ್ರಿ ಅಮ್ಮಾರೆ, ಕೂಡ್ರಿ ಅಂದ್ಲು, ಚಾಪಿ ಹಾಸಿದ್ಲು, ನೀರು ಕೊಟ್ಲು. ನಿಮ್ಮಜ್ಜನ ಸುದ್ದಿ ಕೇಳಿ ಲೊಚಗುಟ್ಟಿದ್ಲು. ನಾ ಭತ್ತದ ಸುದ್ದಿ ಮಾತಾಡಿದೆ, ಬಸ್ಸಿನ ಸುದ್ದಿ ಮಾತಾಡಿದೆ, ಮಗಳ ಮದುವಿ ಆತಾ ಅಂದೆ, ಇನ್ನೇನು ಏಳಬೇಕು, ಅವಾಗ ಅಳು ಬಂದುಬಿಡ್ತು. ತಪ್ಪಾತು ಹಾಲಮ್ಮ, ನಿನ್ನ ಹೊಟ್ಟಿ ಮ್ಯಾಲೆ ಹೊಡೆದೆ ಅಂತ ಅವಳ ಕೈ ಹಿಡ್ಕಂಡು ಅತ್ತೆ. ಆಕಿ ಅಳಾಕೆ ಬಿಟ್ಲು, ಬಿಡಿಸ್ಕಳಲಿಲ್ಲ. ಆಮ್ಯಾಲೆ ಹೇಳಿದ್ಲು, ಆಕಿ ಗಂಡ ಬೋರ್‌ವೆಲ್ ಲಾರಿಯಾಗೆ ಕೆಲಸಕ್ಕಿದ್ದನಂತೆ, ಸೇಲಂ ಆಚಿ ಕಡಿ ನಾಕು ವರ್ಷ ಸಂಸಾರ ಮಾಡಿದ್ರಂತೆ. ಅಲ್ಲೇ ತೀರ್ಕಂಡ. ಹೆಣ ಊರಿಗೆ ತರಾಕೆ ಆಗಲಿಲ್ಲ, ಅಲ್ಲಿನೋರೇ ತಮ್ಮ ಪದ್ಧತಿ ಪ್ರಕಾರ ರಸ್ತಿ ತುಂಬ ಹೂವು ಚೆಲ್ಲಿ ತಗಂಡು ಹೋದ್ರಂತೆ. ಆ ಹೂವು ಯಾವುದು ಅಂತ ಆಕಿಗೆ ಗೊತ್ತಿಲ್ಲದೆ ಇರ್ತೈತಾ? ಅದನ್ನ ಹೇಳಾಕೇ ಅವತ್ತು ಬಾಯಿ ತೆಗೆದಿದ್ದು. ಒಲಿ ನೋಡ್ಕ ಹೋಗು ಅಂದೆ ನಾನು.

ನಂಗೆ ಏನು ಆಸಿ ಇತ್ತು ಗೊತ್ತಾ, ಹೋಗ್ಲಿ ಬಿಡ್ರಿ ಅಮ್ಮಾರೆ ಅಂತಾಳೆ, ಚಾ ಕುಡಿದು ಹಗುರಾಗಿ ಬಸ್ಸು ಹತ್ತಾಣ ಅಂತ. ಆಕಿ ಹಂಗನ್ನಲಿಲ್ಲ. ಕೈ ಮೆಲ್ಲಕೆ ತಗಂಡು, ‘ಅಮ್ಮಾರೆ, ನನಗ್ಯಾಕ ಹೇಳ್ತೀರಿ? ನಂಗೆ ಗೊತ್ತಿರೋದೇ ಅಲ್ವಾ. ಗೊತ್ತಿಲ್ಲದೋರಿಗೆ ಹೇಳ್ರಿ’ ಅಂದ್ಲು. ಸಿಟ್ಟಿನಿಂದಲ್ಲ. ಉಪ್ಪು ಕಮ್ಮಿ ಆಗೈತೆ ಅಂತ ಹೇಳಿದಂಗೆ ಹೇಳಿದ್ಲು. ನಿಜ ಹೇಳ್ತೀನಿ, ನಂಗೆ ಸಿಟ್ಟು ಬಂತು ಅವಾಗ. ಈ ವಯಸ್ಸಿನಾಗೆ ಎರಡು ಬಸ್ಸು ಹತ್ತಿ ಬಂದೀನಿ, ಮನಿಗೆ ಬಂದೋರ ಕಣ್ಣೀರಿಗೆ ಬೆಲಿ ಇಲ್ವಾ ಅನ್ಕಂಡೆ. ನೋಡ್ರಿ ಎಂಥಾಕಿ ನಾನು. ಹರಿಹರ ಬಸ್‌ಸ್ಟ್ಯಾಂಡಿನಾಗೆ ಇಳಿದೆ. ಹರಿಹರದಜ್ಜಿ ಮನಿ ಅಲ್ಲಿಂದ ನಡೆದ್ರೆ ಹತ್ತು ನಿಮಿಷ. ಹೋಗಲಿಲ್ಲ. ಯಾರಾದ್ರೂ ಕಂಡಾರು ಅಂತ ಸೆರಗು ಮುಖಕ್ಕೆ ಎಳ್ಕಂಡು ದಾವಣಗೆರಿ ಬಸ್ಸು ಹತ್ತಿದೆ.

ಅದಾಗಿ ಎಷ್ಟು ತಿಂಗಳಾತು, ದಿನಾ ನಾಳೆ ಅಂತೀನಿ. ನಿಮಗೆ ಹೇಳಾದು ಸುಲಭ, ಸಣ್ಣೋರು ನೀವು, ನಿಮ್ಮ ಮುಂದೆ ಮಾನ ಹೋದ್ರೂ ಸಂಜಿಗೆ ಮತ್ತೆ ನನ್ನ ಪಕ್ಕನೇ ಮಲಗ್ತೀರಿ. ಆದ್ರೆ ನಿಮಗಿಬ್ರಿಗೇ ಹೇಳಾಕಿದ್ರೆ ಇಷ್ಟು ಗಟ್ಟಿಯಾಗಿ ಹೇಳ್ತಿರಲಿಲ್ಲ ನಾನು. ಒಳಗೆ ಪಾತ್ರಿ ತೊಳೆಯೋ ಸದ್ದು ನಿಂತು ಬಾಳ ಹೊತ್ತಾತು. ನಿಮ್ಮವ್ವ ಬಾಗಿಲ ಹಿಂದೆ ನಿಂತಾಳೆ, ಒದ್ದಿ ಕೈ ಹಂಗೇ ಐತೆ, ನೆಲಕ್ಕೆ ನೀರು ತೊಟ್ಟಿಕ್ತೈತೆ ನೋಡು. ಒಳಗೆ ಬರ್ತೀನವ್ವ, ಅಲ್ಲೇ ನಿಂದ್ರು, ನಿನ್ನ ಮುಖ ನೋಡೇ ಹೇಳ್ತೀನಿ. ಆಮ್ಯಾಲೆ ಇಬ್ರೂ ಹರಿಹರಕ್ಕೆ ಹೋಗಾಣ, ಫೋನಿನಾಗೆ ಬ್ಯಾಡ. ಏನ್ರೋ ಹಂಗೆ ನೋಡ್ತೀರಿ? ಸುಳ್ಳು ಯಾರ ಮುಂದೆ ಹೇಳಿದ್ರೋ ಅವರ ಮುಂದೆನೇ ಹೋಗಿ ನಿಜ ಹೇಳ್ರಿ, ಬ್ಯಾರೆ ಕಡಿ ಹೋಗಿ ಅತ್ರೆ ಅದು ಬರೇ ಕಣ್ಣೀರು. ಕೈ ಕೊಡ್ರಿ, ಮೊಣಕಾಲು ಹಿಡ್ಕಂಡೈತೆ.